ಉಬ್ಬಿದ ನೆಲ, ಕುಸಿದ ನೆಲ: ಮನೆಯ ವಿಮೆ ಯಾವುದಕ್ಕೆ ಹಣ ಕೊಡುತ್ತದೆ?

ಉತ್ತರ ಕನ್ನಡ ಜಿಲ್ಲೆಯ ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಾಗಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಾಗಲಿ, ಮಳೆಗಾಲ ಮುಗಿಯುವ ಹೊತ್ತಿಗೆ ಮನೆಯ ನೆಲದ ಬಗ್ಗೆ ಒಂದಲ್ಲ ಒಂದು ದೂರು ಇದ್ದೇ ಇರುತ್ತದೆ. ಒಬ್ಬರ ಮನೆಯಲ್ಲಿ ನೆರೆಯ ನೀರು ನಿಂತು ಟೈಲ್ಸ್ ಎದ್ದಿರುತ್ತವೆ, ಇನ್ನೊಬ್ಬರಲ್ಲಿ ಹಿತ್ತಲಿನ ಧರೆ (ಕಡಿದಾದ ಮಣ್ಣಿನ ದಿಬ್ಬ) ಜರಿದು ಅಡುಗೆಮನೆಯ ನೆಲ ಬಿರುಕು ಬಿಟ್ಟಿರುತ್ತದೆ, ಮತ್ತೊಬ್ಬರಲ್ಲಿ ಯಾವ ಅನಾಹುತವೂ ಸಂಭವಿಸದಿದ್ದರೂ ನೆಲವೆಲ್ಲ ಶೀತ ಹಿಡಿದು ಕೆಂಪು ಗಿಲಾಯಿ ಪದರ ಪದರವಾಗಿ ಏಳುತ್ತಿರುತ್ತದೆ. ಮೂರೂ ಮನೆಗಳಿಗೆ ವಿಮೆ ಇದೆ ಎಂದಿಟ್ಟುಕೊಂಡರೂ ಮೂವರಿಗೂ ಹಣ ಬರುವುದಿಲ್ಲ. ಮೊದಲನೆಯವರಿಗೆ ಬರುವ ಸಂಭವ ಹೆಚ್ಚು, ಎರಡನೆಯವರಿಗೆ ಧರೆ ಜರಿದ ಕಾರಣವನ್ನು ಅವಲಂಬಿಸಿ ಬಂದರೂ ಬರಬಹುದು, ಮೂರನೆಯವರಿಗೆ ಬರುವುದಿಲ್ಲ. ನೆಲ ಎಷ್ಟು ಹಾಳಾಗಿದೆ ಎಂಬುದಕ್ಕಿಂತ ಯಾವ ಕಾರಣದಿಂದ, ಯಾವ ದಿನ ಹಾಳಾಯಿತು ಎಂಬುದನ್ನು ಪಾಲಿಸಿ ಮೊದಲು ಕೇಳುತ್ತದೆ. ಇದೊಂದನ್ನು ಹಿಡಿದುಕೊಂಡರೆ ಉಳಿದ ನಿಯಮಗಳು ಅಷ್ಟೇನೂ ಗೊಂದಲದವಲ್ಲ.

ಮೊದಲಿಗೆ ಒಂದು ಸಾಮಾನ್ಯ ತಪ್ಪು ತಿಳಿವಳಿಕೆಯನ್ನು ಬದಿಗಿಡಬೇಕು. ಗೃಹಸಾಲ ಪಡೆದವರು ಅನೇಕರು ‘ಸಾಲದ ಜೊತೆಗೇ ಇನ್ಶೂರೆನ್ಸ್ ಮಾಡಿಸಿದ್ದಾರೆ’ ಎಂದು ನಿಶ್ಚಿಂತರಾಗಿರುತ್ತಾರೆ. ಆ ಕಾಗದವನ್ನು ತೆಗೆದು ನೋಡಿದರೆ ಎಷ್ಟೋ ಸಲ ಅದು ಸಾಲಗಾರನ ಜೀವಕ್ಕೆ ಮಾಡಿಸಿದ ವಿಮೆಯಾಗಿರುತ್ತದೆ. ಸಾಲ ಪಡೆದವರು ತೀರಿಕೊಂಡರೆ ಬಾಕಿ ಕಂತನ್ನು ತುಂಬುವುದಷ್ಟೇ ಅದರ ಕೆಲಸ, ಮನೆಯ ಗೋಡೆಗೂ ನೆಲಕ್ಕೂ ಅದಕ್ಕೂ ಸಂಬಂಧವಿಲ್ಲ. ಕಟ್ಟಡಕ್ಕೆ ವಿಮೆ ಇದೆಯೇ, ಇದ್ದರೆ ಯಾರ ಹೆಸರಿನಲ್ಲಿದೆ, ಯಾವ ವರ್ಷದವರೆಗೆ ಇದೆ ಎಂಬುದನ್ನು ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಕೇಳಿ ಪಾಲಿಸಿಯ ಪ್ರತಿಯನ್ನು ಪಡೆದಿಟ್ಟುಕೊಳ್ಳುವುದು ಮಳೆಗಾಲಕ್ಕೆ ಮುಂಚೆ ಆಗಬೇಕಾದ ಕೆಲಸ.

ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ ಆದೇಶದಂತೆ 2021ರ ಏಪ್ರಿಲ್ 1ರಿಂದ ದೇಶದಲ್ಲಿ ಮನೆಯ ಬೆಂಕಿ ಮತ್ತು ಪ್ರಕೃತಿ ವಿಕೋಪದ ವಿಮೆಯನ್ನು ಮಾರುವ ಸಾಮಾನ್ಯ ವಿಮಾ ಕಂಪನಿಗಳೆಲ್ಲವೂ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಒದಗಿಸಬೇಕಾಗಿದೆ. ಕಂಪನಿ ಯಾವುದಾದರೂ ಮೂಲ ಒಕ್ಕಣೆ ಒಂದೇ ಆಗಿರುವುದರಿಂದ ಈ ಬರಹ ಅದನ್ನೇ ಆಧಾರವಾಗಿ ಇಟ್ಟುಕೊಂಡಿದೆ. ಇದನ್ನು ಒಂದು ವರ್ಷಕ್ಕೂ ಮಾಡಿಸಬಹುದು, ಹತ್ತು ವರ್ಷದವರೆಗೆ ಒಟ್ಟಿಗೇ ಮಾಡಿಸಬಹುದು.

ಈ ಪಾಲಿಸಿಯ ದೃಷ್ಟಿಯಲ್ಲಿ ನೆಲ ಎಂದರೇನು ಎಂಬುದು ಮೊದಲು ಇತ್ಯರ್ಥವಾಗಬೇಕು. ನೆಲಕ್ಕೆ ಅಂಟಿಸಿದ ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್, ಕಡಪಾ ಕಲ್ಲು, ಮೊಸಾಯಿಕ್, ರೆಡ್ ಆಕ್ಸೈಡ್ ಗಿಲಾಯಿ, ಉಪ್ಪರಿಗೆಗೆ ಹಾಸಿದ ಮರದ ಹಲಗೆ ಇವೆಲ್ಲ ಕಟ್ಟಡದ ಭಾಗ. ಬಿಡಿಯಾಗಿ ಹಾಸಿದ ಜಮಖಾನೆ, ಕಾರ್ಪೆಟ್, ಸುರುಳಿ ಬಿಚ್ಚಿ ಹಾಸಿದ ಪ್ಲಾಸ್ಟಿಕ್ ಮ್ಯಾಟ್ ಇವು ಮನೆಯೊಳಗಿನ ಸಾಮಾನಿನ ಲೆಕ್ಕಕ್ಕೆ ಸೇರುತ್ತವೆ. ಕಟ್ಟಡ ಮತ್ತು ಸಾಮಾನು ಎರಡಕ್ಕೂ ವಿಮೆ ಮಾಡಿಸಿದರೆ ಕಟ್ಟಡದ ವಿಮಾ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ, ಸಾಮಾನಿನ ಪಟ್ಟಿ ಕೊಡದೆಯೇ ರಕ್ಷಣೆ ಸಿಗುತ್ತದೆ. ಬಾಡಿಗೆಗೆ ಇರುವವರು ಸಾಮಾನಿಗೆ ಮಾತ್ರ ಮಾಡಿಸಬಹುದು. ಬಾಡಿಗೆ ಮನೆಯ ಟೈಲ್ಸ್ ಎದ್ದರೆ ಕ್ಲೇಮ್ ಹಾಕಬೇಕಾದವರು ಮನೆಯ ಯಜಮಾನರು.

ಈಗ ಕಾರಣಗಳ ಪಟ್ಟಿಗೆ ಬರೋಣ. ಪಾಲಿಸಿಯು ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ಚಂಡಮಾರುತ, ಸುನಾಮಿ, ನೆರೆ ಮತ್ತು ಜಲಾವೃತ, ಮನೆ ನಿಂತ ಭೂಮಿಯ ಕುಸಿತ, ಗುಡ್ಡ ಕುಸಿತ, ಬಂಡೆ ಜಾರುವುದು, ಕಾಡ್ಗಿಚ್ಚು, ಹೊರಗಿನ ವಸ್ತು ಬಂದು ಬಡಿಯುವುದು, ಗಲಭೆ ಮತ್ತು ಮುಷ್ಕರ, ಭಯೋತ್ಪಾದನೆ, ನೀರಿನ ಟ್ಯಾಂಕು ಮತ್ತು ಪೈಪು ಒಡೆಯುವುದು ಅಥವಾ ಉಕ್ಕುವುದು, ಹೀಗೆ ಹೆಸರಿಸಿದ ಘಟನೆಗಳಿಂದ ಆದ ನಷ್ಟಕ್ಕೆ ಮಾತ್ರ ಹೊಣೆ ಹೊರುತ್ತದೆ. ಇಂಥ ಘಟನೆಯೇ ಕಾರಣವಾಗಿ ಏಳು ದಿನದೊಳಗೆ ನಡೆದ ಕಳ್ಳತನವೂ ಇದರಲ್ಲಿ ಸೇರಿದೆ. ಪಟ್ಟಿಯಲ್ಲಿ ಇಲ್ಲದ ಕಾರಣಕ್ಕೆ ಹಣವಿಲ್ಲ. ಒರಲೆ ತಿಂದ ಉಪ್ಪರಿಗೆಯ ಹಲಗೆ, ವರ್ಷಗಟ್ಟಲೆ ಓಡಾಡಿ ಸವೆದ ಗಿಲಾಯಿ, ಬೇಸಿಗೆಯ ಮಧ್ಯಾಹ್ನ ಢಮ್ಮೆಂದು ಸದ್ದು ಮಾಡಿ ಡೇರೆಯ ಹಾಗೆ ಮೇಲೆದ್ದು ನಿಲ್ಲುವ ಟೈಲ್ಸ್ ಇವು ಯಾವುವೂ ಪಟ್ಟಿಯಲ್ಲಿಲ್ಲ. ಕೊನೆಯದನ್ನು ಕೆಲವರು ಭೂಕಂಪವೆಂದೇ ಭಾವಿಸಿ ಗಾಬರಿಯಾಗುವುದುಂಟು. ಆದರೆ ಟೈಲ್ಸ್‌ಗಳ ನಡುವೆ ಸಂದು ಬಿಡದೆ ಒತ್ತಾಗಿ ಕೂರಿಸಿದಾಗ, ಅಡಿಯ ಗಾರೆ ಸರಿಯಾಗಿ ಹಿಡಿಯದಿದ್ದಾಗ, ಬಿಸಿಲಿಗೆ ಹಿಗ್ಗಿದ ಟೈಲ್ಸ್‌ಗಳಿಗೆ ಹೋಗಲು ಬೇರೆ ಜಾಗವಿಲ್ಲದೆ ಮೇಲಕ್ಕೆ ಏಳುತ್ತವೆ. ಅದು ಮೇಸ್ತ್ರಿಯ ಬಳಿ ಇತ್ಯರ್ಥವಾಗಬೇಕಾದ ತಕರಾರು, ವಿಮೆಯದಲ್ಲ.

ನೀರಿನ ವಿಷಯ

ಈ ಜಿಲ್ಲೆಯಲ್ಲಿ ನೆಲವನ್ನು ಕೆಡಿಸುವುದರಲ್ಲಿ ನೀರಿಗೆ ಸಮನಾದದ್ದು ಇಲ್ಲದಿರುವುದರಿಂದ ನೀರಿನ ಬಗೆಗಳನ್ನು ಬಿಡಿಸಿ ನೋಡುವುದು ಅಗತ್ಯ. ಹೊರಗಿನಿಂದ ನುಗ್ಗಿದ ನೀರು, ಮನೆಯೊಳಗಿನ ಟ್ಯಾಂಕು ಅಥವಾ ಪೈಪಿನಿಂದ ಹೊರಬಿದ್ದ ನೀರು, ಮೇಲಿನಿಂದ ಮಾಡು ಸೋರಿ ಬಿದ್ದ ನೀರು, ಕೆಳಗಿನಿಂದ ನೆಲದ ಮೂಲಕ ಏರಿ ಬಂದ ನೀರು ಇವು ನಾಲ್ಕಕ್ಕೂ ಪಾಲಿಸಿಯ ಉತ್ತರ ಬೇರೆ ಬೇರೆ.

ಹೊರಗಿನಿಂದ ನುಗ್ಗಿದ ನೀರಿನ ವಿಷಯದಲ್ಲಿ ಪಾಲಿಸಿ ಉದಾರವಾಗಿದೆ. 2021ರ ಜುಲೈನಲ್ಲಿ ಕಾಳಿ ಮತ್ತು ಗಂಗಾವಳಿ ನದಿಗಳು ಉಕ್ಕಿ ತೀರದ ಊರುಗಳ ಮನೆಗಳಿಗೆ ನೀರು ನುಗ್ಗಿದ್ದು ಇಲ್ಲಿಯವರಿಗೆ ನೆನಪಿದೆ. ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟದ್ದರಿಂದ ಬಂದ ನೆರೆಯೋ, ಮಳೆಯಿಂದಲೇ ಬಂದದ್ದೋ ಎಂಬ ಚರ್ಚೆ ಪ್ರತಿ ವರ್ಷ ನಡೆಯುತ್ತದೆಯಾದರೂ ವಿಮೆಯ ಮಟ್ಟಿಗೆ ಅದು ಮುಖ್ಯವಲ್ಲ. ‘ನೆರೆ ಮತ್ತು ಜಲಾವೃತ’ ಎಂಬ ಮಾತು ನೀರಿನ ಮೂಲವನ್ನು ಕೇಳುವುದಿಲ್ಲ. ನೀರು ನಿಂತು ಅಡಿಯ ಮರಳು ಕೊಚ್ಚಿಹೋಗಿ ಟೈಲ್ಸ್ ಕುಸಿದರೂ, ಮರದ ಹಲಗೆ ಉಬ್ಬಿ ತಿರುಚಿಕೊಂಡರೂ, ಕೆಸರು ಸಂದಿಗೆ ಹೊಕ್ಕು ಗಾರೆ ಬಿಟ್ಟುಕೊಂಡರೂ ಅದು ನೆರೆಯಿಂದ ಆದ ಹಾನಿಯೇ. ಚಂಡಮಾರುತದ ಅಲೆ ಮನೆಯೊಳಗೆ ನುಗ್ಗಿದರೆ ಆಗುವ ಹಾನಿಯೂ ಹೀಗೆಯೇ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಹಾದುಹೋದಾಗ ಕರಾವಳಿಯ ಹಲವೆಡೆ ಸಮುದ್ರದ ನೀರು ಒಳನುಗ್ಗಿತ್ತು.

ಎರಡನೆಯ ಬಗೆಯಲ್ಲಿ ‘ಒಡೆಯುವುದು ಅಥವಾ ಉಕ್ಕುವುದು’ ಎಂಬ ಪದಗಳ ಮೇಲೆ ಕಣ್ಣಿಡಬೇಕು. ಮಾಡಿನ ಮೇಲಿನ ಟ್ಯಾಂಕು ಬಿರಿದು ಉಪ್ಪರಿಗೆಯ ಹಲಗೆಯೆಲ್ಲ ನೆನೆದರೆ, ಪಂಪು ಬಂದ್ ಮಾಡಲು ಮರೆತು ರಾತ್ರಿಯಿಡೀ ನೀರು ಉಕ್ಕಿ ಕೋಣೆಗೆ ಹರಿದರೆ, ಗೋಡೆಯೊಳಗಿನ ಪೈಪು ಒಮ್ಮೆಲೇ ಒಡೆದರೆ ಅದು ಪಟ್ಟಿಯಲ್ಲಿ ಬರುತ್ತದೆ. ಅದೇ ಪೈಪಿನ ಜಾಯಿಂಟಿನಿಂದ ವರ್ಷಾನುಗಟ್ಟಲೆ ಹನಿ ಹನಿಯಾಗಿ ಸೋರಿ ಬಚ್ಚಲುಮನೆಯ ಪಕ್ಕದ ಟೈಲ್ಸ್ ಸಡಿಲವಾಗಿದ್ದರೆ, ಆ ಸೋರಿಕೆಯನ್ನು ಒಡೆಯುವುದು ಎಂದೋ ಉಕ್ಕುವುದು ಎಂದೋ ಸಾಧಿಸುವುದು ಕಷ್ಟ. ಕಾರವಾರದ ಅಪಾರ್ಟ್‌ಮೆಂಟುಗಳಲ್ಲಿ ಮೇಲಿನ ಮನೆಯ ಪೈಪು ಒಡೆದು ಕೆಳಗಿನವರ ನೆಲ ಹಾಳಾದಾಗಲೂ ಕೆಳಗಿನವರು ತಮ್ಮದೇ ಪಾಲಿಸಿಯಡಿ ಕ್ಲೇಮ್ ಹಾಕಬಹುದು. ಮೇಲಿನವರ ಜೊತೆ ಜಗಳ ಇತ್ಯರ್ಥವಾಗುವವರೆಗೆ ಕಾಯಬೇಕಾಗಿಲ್ಲ.

ಮೂರನೆಯದು ಮಾಡು ಸೋರುವುದು. ಗಾಳಿಗೆ ಹೆಂಚು ಹಾರಿಹೋಗಿ, ಅಥವಾ ತೆಂಗಿನ ಮರವೋ ಹಲಸಿನ ಕೊಂಬೆಯೋ ಬಿದ್ದು ಮಾಡು ಒಡೆದು, ಅದರಿಂದ ನೀರು ಸುರಿದು ಕೆಳಗಿನ ನೆಲ ಕೆಟ್ಟರೆ ಅದು ಬಿರುಗಾಳಿಯ ಅಥವಾ ಹೊರಗಿನ ವಸ್ತು ಬಡಿದ ಹಾನಿಯ ಭಾಗವಾಗುತ್ತದೆ. ಹೆಂಚು ಹಳೆಯದಾಗಿ, ರೀಪು ಕುಂಬಾಗಿ, ಪ್ರತಿ ಮಳೆಗಾಲದಲ್ಲೂ ಅದೇ ಜಾಗದಲ್ಲಿ ಪಾತ್ರೆ ಇಡುತ್ತ ಬಂದಿದ್ದರೆ ಅದು ಘಟನೆಯಲ್ಲ, ನಿರ್ವಹಣೆಯ ಕೊರತೆ.

ನಾಲ್ಕನೆಯದೇ ಅತ್ಯಂತ ಬೇಸರದ ಸಂಗತಿ, ಏಕೆಂದರೆ ಘಟ್ಟದ ಮೇಲಿನ ಮನೆಗಳಲ್ಲಿ ಇದೇ ಹೆಚ್ಚು. ಬೆಟ್ಟದ ಬುಡದಲ್ಲಿ ಕಟ್ಟಿದ ಮನೆಗಳಲ್ಲಿ ಆಷಾಢ, ಶ್ರಾವಣದ ಹೊತ್ತಿಗೆ ಜಲ ಎದ್ದು ನೆಲದ ಸಂದಿಯಿಂದಲೇ ನೀರು ಜಿನುಗುತ್ತದೆ. ಚಿರೆಕಲ್ಲಿನ ಅಡಿಪಾಯ ನೀರನ್ನು ಹೀರಿ ಮೇಲಕ್ಕೆ ಎಳೆಯುತ್ತದೆ. ಗೋಡೆಯ ಬುಡದಲ್ಲಿ ಉಪ್ಪಿನಂಥ ಬಿಳಿ ಪುಡಿ ಕಾಣಿಸಿಕೊಂಡು ಗಿಲಾಯಿ ಪೊರೆ ಬಿಡುತ್ತದೆ. ಪಾಲಿಸಿಯ ಪಟ್ಟಿಯಲ್ಲಿ ಜಿನುಗು ಎಂಬ ಘಟನೆಯೇ ಇಲ್ಲ. ಒಂದೇ ದಿನದ ಭಾರೀ ಮಳೆಗೆ ಅಂಗಳ ತುಂಬಿ ನೀರು ಹೊಸ್ತಿಲು ದಾಟಿ ಬಂತು, ಜೊತೆಗೆ ನೆಲದಿಂದಲೂ ಎದ್ದಿತು ಎಂದಾದರೆ ಜಲಾವೃತವೆಂದು ವಾದಿಸಲು ಅವಕಾಶವಿದೆ; ಪ್ರತಿ ವರ್ಷ ಏಳುವ ಜಲಕ್ಕೆ ಆ ವಾದ ನಿಲ್ಲುವುದಿಲ್ಲ. ಒಳಗಿನ ನೆಲ ಬೆವರಿದಂತೆ ಒದ್ದೆಯಾಗುವುದಂತೂ ತಂಪಾದ ನೆಲದ ಮೇಲೆ ಗಾಳಿಯ ತೇವ ಹನಿಗಟ್ಟುವ ಕ್ರಿಯೆಯಷ್ಟೇ. ನನ್ನ ಅಭಿಪ್ರಾಯದಲ್ಲಿ ಈ ಬಗೆಯ ತೊಂದರೆ ಇರುವವರು ವಿಮೆಯ ಮೇಲೆ ಭರವಸೆ ಇಡುವುದಕ್ಕಿಂತ ಮನೆಯ ಹಿಂದೆ ಗಟಾರವನ್ನು ಆಳವಾಗಿ ತೋಡಿಸಿ ನೀರನ್ನು ಬೇರೆಡೆಗೆ ತಿರುಗಿಸುವುದಕ್ಕೆ ಖರ್ಚು ಮಾಡುವುದು ಲೇಸು.

ಭೂಮಿಯೇ ಜಾರಿದರೆ

ನೆಲದಡಿಯ ಭೂಮಿ ಕುಸಿಯುವುದಕ್ಕೆ, ಗುಡ್ಡ ಜಾರುವುದಕ್ಕೆ ರಕ್ಷಣೆ ಇದೆ ಎಂದು ಪಟ್ಟಿ ಹೇಳುತ್ತದೆ. ಆದರೆ ಅದೇ ಸಾಲಿನ ಪಕ್ಕದಲ್ಲಿ ಐದು ಹೊರತುಗಳನ್ನೂ ಹೇಳಿದೆ, ಮತ್ತು ಉತ್ತರ ಕನ್ನಡದ ಮನೆಗಳನ್ನು ಎದುರಿಗಿಟ್ಟುಕೊಂಡೇ ಬರೆದರೇನೋ ಎನ್ನುವಷ್ಟು ಅವು ಇಲ್ಲಿಗೆ ಹೊಂದುತ್ತವೆ.

ಹೊಸ ಕಟ್ಟಡ ಸಹಜವಾಗಿ ಕೂರುವಾಗ ಬೀಳುವ ಬಿರುಕಿಗೆ ಹಣವಿಲ್ಲ, ಇದು ನ್ಯಾಯವೇ. ಮಣ್ಣು ತುಂಬಿಸಿ ಎತ್ತರಿಸಿದ ಜಾಗ ಕೂತರೆ ಹಣವಿಲ್ಲ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರಗಳ ಸುತ್ತಮುತ್ತ ಗದ್ದೆಗೆ ಕೆಂಪು ಮಣ್ಣು ಸುರಿದು ಎತ್ತರಿಸಿ ಮನೆ ಕಟ್ಟುವುದು ಈಗ ಸಾಮಾನ್ಯವಾಗಿರುವುದರಿಂದ, ಆ ಮನೆಗಳ ನೆಲ ಎರಡು ಮೂರು ಮಳೆಗಾಲಗಳ ನಂತರ ನಡುವೆ ತಗ್ಗಾದಾಗ ಕಂಪನಿ ಮೊದಲು ತೋರಿಸುವುದು ಈ ಹೊರತನ್ನೇ. ಮನೆಯ ಜಾಗಕ್ಕೆ ಮಣ್ಣು ತುಂಬಿಸಿದವರು ಪದರ ಪದರವಾಗಿ ನೀರು ಹಾಯಿಸಿ ದಮ್ಮಸು ಹೊಡೆಸಿ, ಒಂದು ಮಳೆಗಾಲವಾದರೂ ಬಿಟ್ಟು, ಆಮೇಲೆ ನೆಲ ಹಾಕಿಸಬೇಕೆಂದು ಹಿರಿಯ ಮೇಸ್ತ್ರಿಗಳು ಹೇಳುವುದರ ಬೆಲೆ ಇಲ್ಲಿ ಗೊತ್ತಾಗುತ್ತದೆ. ಕೆಟ್ಟ ವಿನ್ಯಾಸ, ಕಳಪೆ ಕೆಲಸ, ಕಳಪೆ ಸಾಮಗ್ರಿಯಿಂದಾದ ಕುಸಿತಕ್ಕೂ ಹಣವಿಲ್ಲ.

ಸಮುದ್ರ ಕೊರೆತ ಮತ್ತು ನದಿ ಕೊರೆತಕ್ಕೂ ಹಣವಿಲ್ಲ. ಹೊನ್ನಾವರದ ಪಾವಿನಕುರ್ವಾ, ಕಾರವಾರದ ದೇವಬಾಗದಂಥ ಊರುಗಳಲ್ಲಿ ಕಡಲು ದಂಡೆಯನ್ನು ತಿನ್ನುತ್ತ ಬಂದಿರುವುದನ್ನು ನೋಡಿದವರಿಗೆ ಈ ಹೊರತು ಎಷ್ಟು ದೊಡ್ಡದೆಂದು ಹೇಳಬೇಕಾಗಿಲ್ಲ. ಅಲೆ ವರ್ಷದಿಂದ ವರ್ಷಕ್ಕೆ ಮರಳನ್ನು ಸೆಳೆದು ಜಗಲಿಯ ಅಡಿ ಟೊಳ್ಳಾಗಿ ನೆಲ ಮುರಿದರೆ ಅದು ಕೊರೆತ. ಒಂದು ಚಂಡಮಾರುತದ ರಾತ್ರಿ ನೀರು ನುಗ್ಗಿ ಅದೇ ಜಗಲಿ ಮುರಿದರೆ ಅದು ಚಂಡಮಾರುತದ ಹಾನಿ. ನಿಜ ಜೀವನದಲ್ಲಿ ಎರಡೂ ಬೆರೆತೇ ಬರುತ್ತವೆ, ಮತ್ತು ತಕರಾರು ಹುಟ್ಟುವುದು ಇಂಥಲ್ಲಿಯೇ. ಕಡಲ ತೀರದವರು ಪ್ರತಿ ವರ್ಷ ಮೇ ತಿಂಗಳಲ್ಲಿ ಮನೆಯ ಅಡಿಪಾಯ, ಜಗಲಿ, ದಂಡೆ ಮೂರೂ ಕಾಣುವಂತೆ ದಿನಾಂಕ ಸಹಿತ ಚಿತ್ರ ತೆಗೆದಿಟ್ಟುಕೊಂಡರೆ, ಚಂಡಮಾರುತಕ್ಕೆ ಮೊದಲು ಅಡಿಪಾಯ ಗಟ್ಟಿಯಾಗಿಯೇ ಇತ್ತು ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ತೀರದ ಜನರಿಗೆ ಅತಿ ದೊಡ್ಡದಾದ ಅಪಾಯವನ್ನೇ ಹೊರಗಿಟ್ಟ ಪಾಲಿಸಿಯನ್ನು ಅವರಿಗೆ ಮಾರುವಾಗ, ಆ ಸಾಲನ್ನು ಬೆರಳಿಟ್ಟು ತೋರಿಸುವ ಕರ್ತವ್ಯ ಏಜೆಂಟರಿಗೆ ಇರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಐದನೆಯ ಹೊರತು ಕಟ್ಟುವುದು, ಕೆಡವುವುದು, ರಚನೆಯನ್ನು ಬದಲಿಸುವುದು, ಭೂಮಿ ಅಗೆಯುವುದು ಇವುಗಳಿಂದಾದ ಕುಸಿತಕ್ಕೆ ಸಂಬಂಧಿಸಿದ್ದು. ಮನೆಯ ಹಿಂದೆ ಜಾಗ ಸಾಲದೆಂದು ಜೆಸಿಬಿ ತರಿಸಿ ಧರೆಯನ್ನು ನೆಟ್ಟಗೆ ಕಡಿಸಿ, ಮುಂದಿನ ಜುಲೈನಲ್ಲಿ ಅದು ಜರಿದು ಅಡುಗೆಮನೆಯ ನೆಲದ ಮೇಲೆ ಬಿದ್ದರೆ ಗುಡ್ಡ ಕುಸಿತವೆಂದು ಹೇಳಿದರೂ ಕಂಪನಿ ಅಗೆತದ ಮಾತನ್ನು ತೆಗೆಯುತ್ತದೆ. ಪಕ್ಕದ ಜಾಗದವರು ಅಗೆದಿದ್ದರೂ ಹೊರತಿನ ಒಕ್ಕಣೆ ‘ಯಾವುದೇ ಆಸ್ತಿ’ ಎನ್ನುವುದರಿಂದ ಇದೇ ಪ್ರಶ್ನೆ ಏಳುತ್ತದೆ. ಆಗ ಅಗೆದವರ ಮೇಲೆ ಪರಿಹಾರ ಕೇಳುವ ದಾರಿ ಉಳಿಯುತ್ತದೆ. ಯಾರೂ ಮುಟ್ಟದ ಗುಡ್ಡ ಮಳೆಗೆ ಜಾರಿದರೆ ರಕ್ಷಣೆ ಸ್ಪಷ್ಟ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಆದಂತೆ ತೋಟ, ಮನೆ, ದಾರಿಯೆಲ್ಲ ಒಟ್ಟಿಗೆ ಜಾರುವಾಗ ಮನೆಯ ಕಟ್ಟಡಕ್ಕೆ ವಿಮೆಯ ಹಣ ಬರಬಹುದಾದರೂ ಕೊಚ್ಚಿಹೋದ ಭೂಮಿಗೆ ಮತ್ತು ಅಡಿಕೆ ತೋಟಕ್ಕೆ ಈ ಪಾಲಿಸಿಯಲ್ಲಿ ಕಾಸೂ ಇಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಗಂಗಾವಳಿ ನದಿಗೆ ಕುಸಿದಾಗ, ಚಿಮ್ಮಿದ ನೀರು ಎದುರು ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಹೀಗೆ ಒಂದು ಘಟನೆ ಇನ್ನೊಂದಕ್ಕೆ ಕಾರಣವಾದಾಗ ಯಾವುದನ್ನು ಮೂಲವೆಂದು ಬರೆಯಬೇಕೆಂಬುದೇ ಒಂದು ಪ್ರಶ್ನೆ. ಕ್ಲೇಮಿನ ಅರ್ಜಿಯಲ್ಲಿ ನಡೆದದ್ದನ್ನು ನಡೆದಂತೆ, ಸಮಯದ ಕ್ರಮದಲ್ಲಿ ಬರೆಯಬೇಕೇ ಹೊರತು ಕಾರಣವನ್ನು ನಾವೇ ತೀರ್ಮಾನಿಸಿ ಒಂದೇ ಪದದಲ್ಲಿ ಬರೆಯಬಾರದು.

ಉಳಿದ ಘಟನೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗ್ಯಾಸ್ ಸಿಲಿಂಡರ್ ಸಿಡಿದು ನೆಲ ಒಡೆದರೆ, ಸಿಡಿಲು ಅರ್ಥಿಂಗ್ ತಂತಿಯ ಜಾಡಿನಲ್ಲಿ ನೆಲವನ್ನು ಸೀಳಿದರೆ, ವಾಹನ ಬಂದು ಗೋಡೆಗೆ ಗುದ್ದಿ ಜಗಲಿ ಕಿತ್ತುಹೋದರೆ ಹಣ ಬರುತ್ತದೆ. ಕೈಯಿಂದ ರುಬ್ಬುಗುಂಡು ಜಾರಿ ಗ್ರಾನೈಟ್ ಸೀಳಿದ್ದನ್ನು ಹೊರಗಿನ ವಸ್ತು ಬಡಿದದ್ದೆಂದು ಸಾಧಿಸಲು ಹೊರಟರೆ ಸಮಯ ವ್ಯರ್ಥ; ಪಾಲಿಸಿ ಕೊಡುವ ಉದಾಹರಣೆಗಳು ವಾಹನ, ಬೀಳುವ ಮರ, ವಿಮಾನ, ಗೋಡೆ ಇಂಥವು.

ಎಷ್ಟು ಹಣ ಬರುತ್ತದೆ

ವಿಮಾ ಮೊತ್ತವೆಂದರೆ ಮನೆಯ ಮಾರುಕಟ್ಟೆ ಬೆಲೆಯಲ್ಲ, ಜಾಗದ ಬೆಲೆ ಅದರಲ್ಲಿ ಸೇರುವುದಿಲ್ಲ. ಮನೆಯ ಕಾರ್ಪೆಟ್ ಏರಿಯಾವನ್ನು, ಅಂದರೆ ಹೊರಗೋಡೆಗಳ ದಪ್ಪ ಬಿಟ್ಟು ಒಳಗೆ ಬಳಕೆಗೆ ಸಿಗುವ ನೆಲದ ವಿಸ್ತೀರ್ಣವನ್ನು, ಆ ದಿನದ ನಿರ್ಮಾಣ ದರದಿಂದ ಗುಣಿಸಿದರೆ ಬರುವುದೇ ವಿಮಾ ಮೊತ್ತ. ಉದಾಹರಣೆಗೆ 1,000 ಚದರಡಿಯ ಮನೆಗೆ ಚದರಡಿಗೆ 2,000 ರೂಪಾಯಿ ನಿರ್ಮಾಣ ವೆಚ್ಚವೆಂದು ಹಿಡಿದರೆ 20 ಲಕ್ಷ ರೂಪಾಯಿ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಪಾಲಿಸಿಯಲ್ಲಿ ಈ ಮೊತ್ತ ವರ್ಷಕ್ಕೆ ಶೇ. 10ರಂತೆ ಹೆಚ್ಚಿನ ಪ್ರೀಮಿಯಂ ಇಲ್ಲದೆಯೇ ಏರುತ್ತದೆ. ಮೊದಲಿನ ಪಾಲಿಸಿಗಳಲ್ಲಿ ಮನೆಯ ನಿಜವಾದ ಬೆಲೆಗಿಂತ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದರೆ ಸಣ್ಣ ನಷ್ಟಕ್ಕೂ ಅದೇ ಪ್ರಮಾಣದಲ್ಲಿ ಹಣ ಕಡಿತವಾಗುತ್ತಿತ್ತು; 20 ಲಕ್ಷದ ಮನೆಗೆ 10 ಲಕ್ಷಕ್ಕೆ ಮಾಡಿಸಿದವರಿಗೆ ಒಂದು ಲಕ್ಷದ ನೆಲದ ರಿಪೇರಿಗೆ ಐವತ್ತು ಸಾವಿರವೇ ಸಿಗುತ್ತಿತ್ತು. ಭಾರತ್ ಗೃಹ ರಕ್ಷಾದಲ್ಲಿ ಈ ಕಡಿತವನ್ನು ಕೈಬಿಡಲಾಗಿದೆ, ಮತ್ತು ಈ ಪಾಲಿಸಿಯ ಅತ್ಯುತ್ತಮ ಅಂಶ ಇದೇ ಎಂದು ನನಗೆ ಅನಿಸುತ್ತದೆ.

ಹಾಳಾದ ನೆಲವನ್ನು ಹಾನಿಯಾದ ಹೊತ್ತಿನಲ್ಲಿ ಇದ್ದ ಸ್ಥಿತಿಗೆ ಬಹುಮಟ್ಟಿಗೆ ಸಮನಾದ ಸ್ಥಿತಿಗೆ ತರಲು ತಗಲುವ ವೆಚ್ಚವನ್ನು ಕಂಪನಿ ಭರಿಸುತ್ತದೆ. ಆದ್ದರಿಂದ ರೆಡ್ ಆಕ್ಸೈಡ್ ನೆಲ ಹೋದ ಜಾಗಕ್ಕೆ ಗ್ರಾನೈಟ್ ಹಾಕಿಸಿದರೆ ವ್ಯತ್ಯಾಸದ ಹಣ ಮನೆಯವರದೇ. ಇನ್ನೊಂದು ಕಿರಿಕಿರಿ ಟೈಲ್ಸ್ ಹೊಂದಿಸುವುದು. ನಡುಮನೆಯ ಅರ್ಧ ಭಾಗದ ಟೈಲ್ಸ್ ಕೆಟ್ಟಿದ್ದು ಅದೇ ವಿನ್ಯಾಸ ಈಗ ಅಂಗಡಿಯಲ್ಲಿ ಸಿಗದಿದ್ದರೆ, ಉಳಿದರ್ಧವನ್ನೂ ಕಿತ್ತು ಹೊಸದನ್ನು ಹಾಕಿಸುವ ವೆಚ್ಚವನ್ನು ಕೇಳಿದಾಗ ಕಂಪನಿ ಹಾನಿಯಾದ ಭಾಗಕ್ಕೆ ಮಾತ್ರ ಹೊಣೆ ಎನ್ನುತ್ತದೆ. ಮನೆ ಕಟ್ಟುವಾಗ ಎರಡು ಪೆಟ್ಟಿಗೆ ಟೈಲ್ಸ್ ಹೆಚ್ಚಿಗೆ ತಂದು ಅಟ್ಟದಲ್ಲಿ ಇಟ್ಟಿರುವವರು ಇಲ್ಲಿ ಜಾಣರು.

ಅವಶೇಷ ತೆಗೆಯುವ ಖರ್ಚಿಗೆ ಕ್ಲೇಮ್ ಮೊತ್ತದ ಶೇ. 2ರವರೆಗೆ, ಆರ್ಕಿಟೆಕ್ಟ್, ಇಂಜಿನಿಯರ್ ಶುಲ್ಕಕ್ಕೆ ಶೇ. 5ರವರೆಗೆ ಸಿಗುತ್ತದೆ. ಒಂದೂವರೆ ಲಕ್ಷದ ಕ್ಲೇಮಿಗೆ ಅವಶೇಷ ತೆಗೆಯಲು ಗರಿಷ್ಠ 3,000 ರೂಪಾಯಿ. ನೆರೆ ಇಳಿದ ಮನೆಯಿಂದ ಕೆಸರು ತೆಗೆಯಲು ಆಳುಗಳೇ ಸಿಗದ ದಿನಗಳಲ್ಲಿ ಇದು ಏನಕ್ಕೂ ಸಾಲದು. ಮನೆ ವಾಸಕ್ಕೆ ಯೋಗ್ಯವಲ್ಲದಾದಾಗ ಬೇರೆಡೆ ಬಾಡಿಗೆಗೆ ಇರುವ ಖರ್ಚಿಗೂ ಪಾಲಿಸಿಯಲ್ಲಿ ಅವಕಾಶವಿದೆ, ಅದನ್ನು ಕೇಳಲು ಜನ ಮರೆಯುತ್ತಾರೆ.

ಪಾಲಿಸಿ ಮಾಡಿಸಿದ ನಂತರ ಮನೆಗೆ ಕೋಣೆ ಸೇರಿಸಿ ಕಾರ್ಪೆಟ್ ಏರಿಯಾ ಶೇ. 10ಕ್ಕಿಂತ ಹೆಚ್ಚಾದರೆ, ಹೆಚ್ಚುವರಿ ಪ್ರೀಮಿಯಂ ಕಟ್ಟದ ಹೊರತು ಆ ಭಾಗದ ನೆಲಕ್ಕೆ ರಕ್ಷಣೆ ಇರುವುದಿಲ್ಲ. ಗೋಕರ್ಣದಲ್ಲೋ ಜೋಯಿಡಾದಲ್ಲೋ ಮನೆಯನ್ನು ಹೋಂ ಸ್ಟೇ ಮಾಡಿದವರು, ಮಕ್ಕಳೊಂದಿಗೆ ಇರಲು ಬೆಂಗಳೂರಿಗೆ ಹೋಗಿ ಊರಿನ ಮನೆಗೆ ತಿಂಗಳುಗಟ್ಟಲೆ ಬೀಗ ಹಾಕುವವರು ಆ ಸಂಗತಿಯನ್ನು ಕಂಪನಿಗೆ ಬರೆದು ತಿಳಿಸಿ ಉತ್ತರವನ್ನು ಇಟ್ಟುಕೊಳ್ಳಬೇಕು. ಬೀಗ ಹಾಕಿದ ಮನೆಯಲ್ಲಿ ದೀಪಾವಳಿಗೆ ಬಂದಾಗ ಕಂಡ ಹಾನಿ ಜೂನಿನ ಯಾವ ಮಳೆಗೆ ಆಯಿತೆಂದು ಸಾಧಿಸುವುದು ಸುಲಭವಲ್ಲ. ನೆರೆಯವರ ಬಳಿ ಬೀಗದ ಕೈ ಕೊಟ್ಟು ಪ್ರತಿ ಜೋರು ಮಳೆಯ ನಂತರ ಒಮ್ಮೆ ತೆಗೆದು ನೋಡಲು ಹೇಳಿರುವುದು ಒಳ್ಳೆಯದು.

ನೀರು ಇಳಿದ ಮೇಲೆ

ನೆರೆ ಇಳಿದ ಕೂಡಲೇ ಕೆಸರು ಬಾಚಿ, ಬ್ಲೀಚಿಂಗ್ ಪುಡಿ ಹಾಕಿ ತೊಳೆಯುವುದು ಇಲ್ಲಿಯ ರೂಢಿ, ಅದು ಆರೋಗ್ಯಕ್ಕೆ ಬೇಕಾದದ್ದೂ ಹೌದು. ಆದರೆ ತೊಳೆಯುವ ಮೊದಲು ಗೋಡೆಯ ಮೇಲಿನ ನೀರಿನ ಗುರುತು, ನೆಲದ ಕೆಸರು, ಎದ್ದ ಟೈಲ್ಸ್ ಎಲ್ಲವನ್ನೂ ಮೊಬೈಲಿನಲ್ಲಿ ಸೆರೆಹಿಡಿದು, ಕಂಪನಿಯ ಟೋಲ್ ಫ್ರೀ ಸಂಖ್ಯೆಗೆ ತಿಳಿಸಿ, ಕ್ಲೇಮ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಕಿತ್ತ ಟೈಲ್ಸ್‌ಗಳನ್ನು ಸರ್ವೇಯರ್ (ಹಾನಿಯನ್ನು ಅಂದಾಜು ಮಾಡಲು ಕಂಪನಿ ನೇಮಿಸುವವರು) ನೋಡುವವರೆಗೆ ಎಸೆಯಬಾರದು.

ಗ್ರಾಮ ಆಡಳಿತ ಅಧಿಕಾರಿ ಬಂದು ಮಾಡುವ ಪಂಚನಾಮೆಯ ಪ್ರತಿಯನ್ನು ತಪ್ಪದೆ ಪಡೆಯಬೇಕು. ಸರ್ಕಾರದ ವಿಪತ್ತು ಪರಿಹಾರ ನಿಧಿಯ 2022–26ರ ಮಾನದಂಡದಲ್ಲಿ ಕನಿಷ್ಠ ಶೇ. 15ರಷ್ಟು ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ ಎಂದಿತ್ತು. ರಾಜ್ಯ ಸರ್ಕಾರ ಕೆಲವು ವರ್ಷ ಇದಕ್ಕೆ ಸೇರಿಸಿ ಕೊಟ್ಟದ್ದೂ ಉಂಟು. ನೆಲ ಮಾತ್ರ ಕೆಟ್ಟ ಮನೆಗೆ ಅದರಿಂದ ದೊಡ್ಡ ನೆರವು ಆಗದಿದ್ದರೂ, ಯಾವ ದಿನ ಎಷ್ಟು ನೀರು ಬಂದಿತ್ತೆಂಬುದಕ್ಕೆ ಆ ಪಂಚನಾಮೆ ಸರ್ಕಾರಿ ದಾಖಲೆಯಾಗುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕಗಳನ್ನು ಇಟ್ಟಿರುವುದರಿಂದ ಆ ದಿನದ ಮಳೆಯ ಅಂಕಿಯನ್ನೂ ಜೊತೆಗೆ ಲಗತ್ತಿಸಬಹುದು.

ಸರ್ವೇಯರ್ ಬಂದಾಗ ಕಣ್ಣಿಗೆ ಕಾಣುವ ಹಾನಿಯಷ್ಟನ್ನೇ ತೋರಿಸಿ ಕಳುಹಿಸುವುದು ಸಾಲದು. ನೆರೆಯ ನೀರು ಅಡಿಯ ಮರಳನ್ನು ಸೆಳೆದಿದ್ದರೂ ಟೈಲ್ಸ್ ಕೆಲವು ತಿಂಗಳು ಮೇಲ್ನೋಟಕ್ಕೆ ಗಟ್ಟಿಯಾಗಿಯೇ ಇರುತ್ತವೆ. ಕೋಲಿನಿಂದ ಒಂದೊಂದನ್ನೂ ತಟ್ಟಿದರೆ ಟೊಳ್ಳಾದ ಜಾಗ ಸದ್ದಿನಿಂದಲೇ ತಿಳಿಯುತ್ತದೆ. ಮೇಸ್ತ್ರಿಯನ್ನು ಜೊತೆಗಿಟ್ಟುಕೊಂಡು ಎಲ್ಲ ಕೋಣೆಗಳನ್ನೂ ತಟ್ಟಿಸಿ, ಟೊಳ್ಳಾದವಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಆ ಲೆಕ್ಕ ವರದಿಯಲ್ಲಿ ಬರುವಂತೆ ನೋಡಿಕೊಳ್ಳಬೇಕು. ಅಂದಾಜು ಪಟ್ಟಿಯೂ ‘ಒಟ್ಟು ಇಷ್ಟು’ ಎಂಬ ಚೀಟಿಯಾಗಿರದೆ ಕೀಳುವುದಕ್ಕೆ, ಅಡಿಯನ್ನು ಸರಿಪಡಿಸುವುದಕ್ಕೆ, ಟೈಲ್ಸ್‌ಗೆ, ಕೂಲಿಗೆ ಚದರಡಿ ಲೆಕ್ಕದಲ್ಲಿ ಬೇರೆ ಬೇರೆಯಾಗಿರಬೇಕು. ಸಾಮಗ್ರಿಗೆ ಜಿಎಸ್‌ಟಿ ಬಿಲ್ ಇರಬೇಕು. ಅಡಿಯ ಮಣ್ಣು ಪೂರ್ತಿ ಒಣಗುವ ಮೊದಲೇ ಹೊಸ ನೆಲ ಹಾಕಿಸಿ ಅದು ಮತ್ತೆ ಎದ್ದರೆ, ಎರಡನೆಯ ಸಲದ ಖರ್ಚನ್ನು ನೆರೆಯ ಲೆಕ್ಕಕ್ಕೆ ಹಾಕಲು ಬರುವುದಿಲ್ಲ.

ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆಯ ಪ್ರಕಾರ ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು, 15 ದಿನದೊಳಗೆ ಅವರ ವರದಿ ಬರಬೇಕು, ವರದಿ ಬಂದ 7 ದಿನದೊಳಗೆ ಕಂಪನಿ ತೀರ್ಮಾನ ತಿಳಿಸಬೇಕು. ಸರ್ವೇಯರ್ ವರದಿಯ ಪ್ರತಿಯನ್ನು ಕೇಳಿ ಪಡೆಯಬೇಕು. ಕಾರಣದ ಕಾಲಮಿನಲ್ಲಿ ಏನು ಬರೆದಿದೆ ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ. ತಿರಸ್ಕರಿಸಿದರೆ ಪಾಲಿಸಿಯ ಯಾವ ಕಲಮಿನ ಆಧಾರದ ಮೇಲೆ ಎಂದು ಬರಹದಲ್ಲಿ ಕೇಳಿ, ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಅಲ್ಲಿಂದ ತಿರಸ್ಕಾರ ಬಂದರೆ ಅಥವಾ ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, 50 ಲಕ್ಷ ರೂಪಾಯಿಯವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಇನ್ನೊಂದು ದಾರಿ ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದಾದ್ದರಿಂದ, ಕಂಪನಿಯ ಕಚೇರಿ ಮುಂಬೈಯಲ್ಲೋ ಚೆನ್ನೈಯಲ್ಲೋ ಇದ್ದರೂ ಶಿರಸಿಯವರಾಗಲಿ ಭಟ್ಕಳದವರಾಗಲಿ ಅಲ್ಲಿಗೆ ಹೋಗಬೇಕಾಗಿಲ್ಲ. ವ್ಯಾಜ್ಯಕ್ಕೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು.